ಕೆಸರಿನೊಳಗಿನ ಎರಡು ಕುಲ

ಬೆಂಗಳೂರಿನ ದಕ್ಷಿಣದ ಊರುಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ ನೀರಿನ ನೆನಪಾಗುತ್ತದೆ. ಚಿಕ್ಕಲಸಂದ್ರ, ದೊಡ್ಡಕಲ್ಲಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಈ ಹೆಸರುಗಳ ತುದಿಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಎಂಬುದರ ಸವೆದ ರೂಪವೆಂದು ಸ್ಥಳನಾಮಗಳನ್ನು ಅಭ್ಯಸಿಸಿದವರು ಹೇಳುತ್ತಾರೆ. ಕಡಲಿನಿಂದ ಬಹುದೂರದಲ್ಲಿ, ಕಡಲಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ನೆಲೆಸಿದ ಒಕ್ಕಲುಮಕ್ಕಳು ತಾವು ಏರಿ ಕಟ್ಟಿ ನಿಲ್ಲಿಸಿದ ಮಳೆನೀರನ್ನೇ ಸಮುದ್ರವೆಂದು ಕರೆದರು. ಚಿಕ್ಕಕಲ್ಲಸಂದ್ರ ಎಂಬ ಪೂರ್ಣ ಹೆಸರು ಬಾಯಿಂದ ಬಾಯಿಗೆ ಸಾಗುತ್ತಾ ಚಿಕ್ಕಲಸಂದ್ರವಾಯಿತು. ಇಂದು ಉತ್ತರಹಳ್ಳಿಯ ರಸ್ತೆಯಲ್ಲಿ ಬಸ್ಸಿನಿಂದ ಇಳಿದು ನೋಡುವವರಿಗೆ ಮನೆಗಳ ಸಾಲು, ಅಂಗಡಿಗಳ ಫಲಕ, ವಾಹನಗಳ ದಟ್ಟಣೆ ಕಾಣುತ್ತವೆಯೇ ಹೊರತು ಸಮುದ್ರ ಕಾಣುವುದಿಲ್ಲ. ನೀರನ್ನು ನೋಡಬೇಕೆಂದರೆ ಸುಬ್ರಹ್ಮಣ್ಯಪುರದ ಕೆರೆಯ ಕಡೆಗೋ ಉತ್ತರಹಳ್ಳಿಯ ದೊರೆಕೆರೆಯ ಕಡೆಗೋ ನಡೆಯಬೇಕು.

ಕೆರೆಯಿದ್ದ ಊರುಗಳಲ್ಲಿ ಕೊಳ್ಳಿದೆವ್ವದ ಕಥೆಯೂ ಇರುತ್ತಿತ್ತು. ಕತ್ತಲ ರಾತ್ರಿಯಲ್ಲಿ ಕೆರೆಯ ಹಿನ್ನೀರಿನ ಜೌಗಿನ ಮೇಲೆ ಬೆಳಕೊಂದು ತೇಲಿ ಬರುತ್ತದೆ, ಅದನ್ನು ಹಿಂಬಾಲಿಸಿದವನು ಹೂಳಿನಲ್ಲಿ ಸಿಕ್ಕಿಬಿದ್ದು ಬೆಳಗಾಗುವುದರೊಳಗೆ ಇಲ್ಲವಾಗುತ್ತಾನೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಮಕ್ಕಳನ್ನು ಸಂಜೆಯ ಮೇಲೆ ಕೆರೆಯಿಂದ ದೂರವಿಡಲು ಇದಕ್ಕಿಂತ ಒಳ್ಳೆಯ ಕಥೆ ಬೇಕಿರಲಿಲ್ಲ. ಆ ಬೆಳಕು ಹೊತ್ತಿಕೊಳ್ಳುವ ಬಗೆಯನ್ನು ಕುರಿತು ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲವಾದರೂ, ಜೌಗಿನ ಹೂಳಿನಿಂದ ಉರಿಯುವ ಗಾಳಿಯೊಂದು ಮೇಲೇಳುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆ ಗಾಳಿಯನ್ನು ತಯಾರಿಸುವ ಜೀವಿಗಳು ಯಾವ ಕುಲಕ್ಕೆ ಸೇರಿದವು ಎಂಬುದು ತಿಳಿಯಲು ಮಾತ್ರ ಇನ್ನೂರು ವರ್ಷಗಳೇ ಹಿಡಿದವು. ಉತ್ತರ ದೊರೆತಾಗ ಜೀವಲೋಕದ ವಂಶಾವಳಿಯನ್ನೇ ತಿದ್ದಿ ಬರೆಯಬೇಕಾಯಿತು. ಆ ಚರಿತ್ರೆಯನ್ನು ಇಲ್ಲಿ ನೆನೆಯಬೇಕೆಂದಿದ್ದೇನೆ. ಏಕೆಂದರೆ ಅದರ ಒಂದೆರಡು ಪುಟಗಳು ನಮ್ಮ ನಾಡಿನ ಸಗಣಿ ಗುಂಡಿಗಳಲ್ಲಿಯೂ ಇವೆ.

ಚರಿತ್ರೆಯ ಆರಂಭಕ್ಕೆ 1776ನೆಯ ಇಸವಿಯನ್ನು ಗುರುತಿಸಬಹುದು. ಉತ್ತರ ಇಟಲಿಯಲ್ಲಿ ಕಾರ್ಲೋ ಜ್ಯುಸೆಪ್ಪೆ ಕ್ಯಾಂಪಿ ಎಂಬ ಗುರುಗಳಿದ್ದರು. ತಮ್ಮ ಸೀಮೆಯಲ್ಲಿ ನೆಲದಿಂದ ಉರಿಯುವ ಗಾಳಿ ಹೊರಡುವುದನ್ನು ಅವರು ಗಮನಿಸಿ, ಮಿತ್ರರಾದ ಅಲೆಸ್ಸಾಂದ್ರೋ ವೋಲ್ಟಾ ಅವರಿಗೆ ತಿಳಿಸಿದರು. ವಿದ್ಯುತ್ ಕೋಶವನ್ನು ನಿರ್ಮಿಸಿ ಮುಂದೆ ಜಗದ್ವಿಖ್ಯಾತರಾದ ವೋಲ್ಟಾ ಇವರೇ. ಅದೇ ವರ್ಷ ಅವರು ಮಜ್ಜೋರೆ ಸರೋವರದ ದಡದ ಜೌಗಿಗೆ ಹೋಗಿ ಕೋಲಿನಿಂದ ಹೂಳನ್ನು ಕದಡಿದರು. ಮೇಲೆದ್ದ ಗುಳ್ಳೆಗಳನ್ನು ನೀರು ತುಂಬಿ ಬೋರಲು ಹಿಡಿದ ಸೀಸೆಯಲ್ಲಿ ಸಂಗ್ರಹಿಸಿ ಬೆಂಕಿ ತಾಗಿಸಿದರು. ಅದು ನೀಲಿಯಾಗಿ ಉರಿಯಿತು. ಈ ಪ್ರಯೋಗಗಳ ವಿವರವನ್ನು ಅವರು ಕ್ಯಾಂಪಿ ಗುರುಗಳಿಗೆ ಪತ್ರಗಳ ರೂಪದಲ್ಲಿಯೇ ಬರೆದರು. ಆ ಪತ್ರಗಳು ಪ್ರಕಟವೂ ಆದವು. ಇಂದು ನಾವು ಮೀಥೇನ್ ಎಂದು ಕರೆಯುವ ಅನಿಲ ವಿಜ್ಞಾನದ ಗ್ರಂಥಗಳನ್ನು ಸೇರಿದ್ದು ಹೀಗೆ. ಕೊಳೆಯುವ ಎಲೆಗೂ ಈ ಗಾಳಿಗೂ ಸಂಬಂಧವಿದೆ ಎಂಬುದನ್ನು ವೋಲ್ಟಾ ಊಹಿಸಿದ್ದರು. ಕೊಳೆಯಿಸುವವರು ಯಾರೆಂದು ತಿಳಿಯಲು ಆ ಕಾಲಕ್ಕೆ ದಾರಿಯಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚರ್ ಮತ್ತು ಕಾಖ್ ಅವರ ಕಾಲ ಬಂತು. ಹುದುಗುವುದು, ಕೊಳೆಯುವುದು, ಕಾಯಿಲೆ ಬೀಳುವುದು ಇವೆಲ್ಲದರ ಹಿಂದೆ ಕಣ್ಣಿಗೆ ಕಾಣದ ಜೀವಿಗಳ ಕೈವಾಡ ಬಯಲಾಯಿತು. ಅವು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೇ ಗಾತ್ರದವು. ಕೆಲವು ಗುಂಡಗೆ, ಕೆಲವು ಕಡ್ಡಿಯಂತೆ, ಕೆಲವು ಸುರುಳಿಯಂತೆ. ಅವೆಲ್ಲಕ್ಕೂ ಬ್ಯಾಕ್ಟೀರಿಯಾ ಎಂಬ ಒಂದೇ ಹೆಸರು ನಿಂತಿತು. ಜೌಗಿನ ಅನಿಲವೂ ಯಾವುದೋ ಬ್ಯಾಕ್ಟೀರಿಯಾದ ಕೆಲಸವೇ ಇರಬೇಕೆಂದು ಎಲ್ಲರೂ ಒಪ್ಪಿಕೊಂಡರು. 1906ರ ವೇಳೆಗೆ ನೆದರ್ಲೆಂಡಿನ ಸೋನ್ಗೆನ್ ಎಂಬುವರು, ಈ ಜೀವಿಗಳು ಜಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಮೀಥೇನ್ ಮಾಡುತ್ತವೆ ಎಂದು ತೋರಿಸಿದರು. ಆದರೆ ಅವುಗಳನ್ನು ಪ್ರತ್ಯೇಕಿಸಿ ಸಾಕುವುದು ಸುಲಭವಾಗಿರಲಿಲ್ಲ. ನಮಗೆ ಪ್ರಾಣವಾಯುವಾದ ಆಮ್ಲಜನಕ ಅವುಗಳ ಪಾಲಿಗೆ ವಿಷ. ಗಾಳಿ ಸೋಕಿದರೆ ಸಾಯುವ ಜೀವಿಯನ್ನು ಗಾಳಿಯ ಲೋಕದಲ್ಲಿ ಬದುಕುವ ಮನುಷ್ಯ ಹೇಗೆ ಅಭ್ಯಾಸ ಮಾಡಬೇಕು?

ಹೀಗಿರುವಾಗ ಅಮೆರಿಕದ ಬಾರ್ಕರ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಮದ್ಯಸಾರವನ್ನು ತಿಂದು ಮೀಥೇನ್ ಬಿಡುವ ಜೀವಿಯೊಂದನ್ನು ಬೆಳೆಸಿದರು. ರಷ್ಯಾದ ಹಿರಿಯ ಸೂಕ್ಷ್ಮಜೀವಿ ವಿಜ್ಞಾನಿ ಒಮೆಲಿಯಾನ್ಸ್ಕಿ ಅವರ ಗೌರವಾರ್ಥ ಅದಕ್ಕೆ ಮೀಥೇನೋಬ್ಯಾಸಿಲ್ಲಸ್ ಒಮೆಲಿಯಾನ್ಸ್ಕಿಯೈ ಎಂಬ ಹೆಸರು ಬಂತು. ಮೂರು ದಶಕಗಳ ಕಾಲ ಪ್ರಯೋಗಶಾಲೆಗಳಲ್ಲಿ ಇದು ಒಂದೇ ಜೀವಿಯೆಂದು ಮಾನ್ಯವಾಗಿತ್ತು. 1967ರಲ್ಲಿ ಬ್ರಯಂಟ್, ವೂಲ್ಫ್ ಮತ್ತು ಅವರ ಸಹೋದ್ಯೋಗಿಗಳು ಒಂದು ಆಶ್ಚರ್ಯದ ಸಂಗತಿಯನ್ನು ಪ್ರಕಟಿಸಿದರು: ಒಮೆಲಿಯಾನ್ಸ್ಕಿಯೈ ಎಂಬುದು ಒಂದು ಜೀವಿಯಲ್ಲ, ಎರಡು! ಮೊದಲನೆಯದು ಮದ್ಯಸಾರವನ್ನು ಮುರಿದು ಅಸಿಟಿಕ್ ಆಮ್ಲವನ್ನೂ ಜಲಜನಕವನ್ನೂ ಹೊರಹಾಕುತ್ತಿತ್ತು. ಜಲಜನಕ ಸುತ್ತ ತುಂಬಿಕೊಂಡರೆ ಅದರ ಕೆಲಸವೇ ನಿಂತುಹೋಗುತ್ತಿತ್ತು. ಎರಡನೆಯದು ಆ ಜಲಜನಕವನ್ನೇ ಆಹಾರವಾಗಿ ತೆಗೆದುಕೊಂಡು ಮೀಥೇನ್ ಮಾಡುತ್ತಿತ್ತು. ಒಂದನ್ನು ಬಿಟ್ಟು ಇನ್ನೊಂದು ಆ ಸೀಸೆಯಲ್ಲಿ ಬಾಳಲಾರದು. ಸೂಕ್ಷ್ಮದರ್ಶಕಕ್ಕೆ ಎರಡೂ ಕಡ್ಡಿಗಳೇ ಆದ್ದರಿಂದ ಇಷ್ಟು ಕಾಲ ಯಾರಿಗೂ ಅನುಮಾನ ಬಂದಿರಲಿಲ್ಲ.

ಅವೆರಡರ ನಡುವಿನ ಅಂತರ ಎಷ್ಟು ದೊಡ್ಡದೆಂಬುದು 1967ರಲ್ಲಿಯೂ ತಿಳಿದಿರಲಿಲ್ಲ. ಅದನ್ನು ಹೇಳುವುದಕ್ಕೆ ಮುನ್ನ ನಮ್ಮ ನಾಡಿನ ಗೋಬರ್ ಗ್ಯಾಸ್ ಗುಂಡಿಯ ಕಡೆಗೆ ಬರೋಣ. ಬಾರ್ಕರರ ಸೀಸೆಯಲ್ಲಿ ನಡೆದ ವ್ಯವಹಾರವೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ.

ಕೊಳಚೆಯಿಂದ ಉರಿಯುವ ಅನಿಲ ತೆಗೆಯುವ ಪ್ರಯತ್ನ ನಮ್ಮ ದೇಶದಲ್ಲಿ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ. ಸಮಾಜ ಹೊರಗಟ್ಟಿದ ಜನರಿದ್ದ ತಾಣದಲ್ಲಿ, ಎಲ್ಲರೂ ಅಸಹ್ಯಪಡುವ ವಸ್ತುವಿನಿಂದ ಬೆಳಕು ಹುಟ್ಟಿತು ಎಂಬುದು ನನಗೆ ಮರೆಯಲಾಗದ ಸಂಗತಿ. ಸ್ವಾತಂತ್ರ್ಯಾನಂತರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕಬ್ಬಿಣದ ತೇಲುವ ಮುಚ್ಚಳದ ಸ್ಥಾವರವನ್ನು ಹಳ್ಳಿಗಳಿಗೆ ಒಯ್ದಿತು. ಕ್ರೈಸ್ತ ಸಭೆಗಳ ಸಹಯೋಗದಿಂದ 1966ರಲ್ಲಿ ಹುಟ್ಟಿದ ಆಫ್‌ಪ್ರೋ ಸಂಸ್ಥೆಯು 1984ರಲ್ಲಿ ಇಟ್ಟಿಗೆ ಸಿಮೆಂಟಿನ ಗುಮ್ಮಟದ ಅಗ್ಗದ ಮಾದರಿಯೊಂದನ್ನು ರೂಪಿಸಿ ಅದಕ್ಕೆ ದೀನಬಂಧು ಎಂದು ಹೆಸರಿಟ್ಟಿತು. ಕರ್ನಾಟಕದಲ್ಲಿ ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳು ಈ ಅನಿಲವನ್ನು ಮನಸಾರೆ ಅಪ್ಪಿಕೊಂಡವು. ಕಟ್ಟಿದ ಗುಂಡಿಗಳನ್ನು ಕೆಡಲು ಬಿಡದೆ ನಡೆಸಿಕೊಂಡು ಬಂದ ಊರುಗಳೆಂದು ಅಧ್ಯಯನಕಾರರು ಅವನ್ನು ಕೊಂಡಾಡಿದ್ದಾರೆ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನವನ್ನು ಬೋಧಿಸುತ್ತಿದ್ದ ಪ್ರೊ. ಎ. ಕೆ. ಎನ್. ರೆಡ್ಡಿಯವರು ತಮ್ಮ ಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಖ್ಯಾತಿ ಪಡೆದಿದ್ದ ಕಾಲದಲ್ಲಿಯೇ ಹಳ್ಳಿಗಳ ಕಡೆಗೆ ತಿರುಗಿದರು. 1974ರಲ್ಲಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಅಲ್ಲಿ ಹುಟ್ಟಿತು. ಪುರದಲ್ಲಿ ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಎಲ್ಲ ಮನೆಗಳ ಒಲೆಗೂ ಅನಿಲ ಕೊಡಬೇಕೆಂಬುದು ಮೊದಲ ಕನಸು. ಅದು ಫಲಿಸಲಿಲ್ಲ. ಊರಿನ ದನಗಳ ಸಗಣಿಯಿಂದ ದೊರೆತ ಅನಿಲ ಎರಡು ಹೊತ್ತಿನ ಅಡುಗೆಗೆ ಸಾಲಲಿಲ್ಲ. ಒಂದು ಹೊತ್ತಿಗೆ ಅನಿಲ, ಇನ್ನೊಂದು ಹೊತ್ತಿಗೆ ಸೌದೆ ಎಂದಾದರೆ ಸೌದೆ ಹೊರುವ ಕಷ್ಟ ತಪ್ಪಿದಂತಾಗಲಿಲ್ಲವಲ್ಲ! ಹೆಣ್ಣುಮಕ್ಕಳು ಆಸಕ್ತಿ ಕಳೆದುಕೊಂಡರು. ರೆಡ್ಡಿಯವರ ತಂಡ ಅವರ ಮಾತನ್ನು ಕೇಳಿತು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ ವಿದ್ಯುತ್ ಉತ್ಪಾದಿಸಿ, ಕೊಳವೆ ಬಾವಿಯ ನೀರನ್ನು ಎತ್ತಿ ನಲ್ಲಿಗಳಿಗೆ ಹರಿಸಿ, ಮನೆಗಳಿಗೆ ದೀಪ ಕೊಟ್ಟರು. ಈಗ ಹೆಂಗಸರು ಬೆಳಿಗ್ಗೆ ಸಗಣಿಯ ಬುಟ್ಟಿ ಹೊತ್ತು ತಂದು ತೂಕ ಮಾಡಿಸಿ, ತೂಕಕ್ಕೆ ತಕ್ಕ ಅಲ್ಪ ಹಣ ಪಡೆದು, ಗೊಬ್ಬರಕ್ಕೆಂದು ಬಗ್ಗಡವನ್ನು ಹಿಂದಕ್ಕೆ ಒಯ್ದರು. ಸಗಣಿಯ ಸಾರ ಹೊಲಕ್ಕೆ ಮರಳಿತು, ಅದರಲ್ಲಿನ ಉರಿ ಮಾತ್ರ ಊರಿನ ಬಳಕೆಗೆ ಉಳಿಯಿತು.

ಗೋಬರ್ ಗ್ಯಾಸ್ ಗುಂಡಿ ಇಟ್ಟುಕೊಂಡ ಮನೆಯವರೆಲ್ಲ ಒಂದು ಅನುಭವವನ್ನು ಹೇಳುತ್ತಾರೆ. ಸಗಣಿಯ ಜೊತೆಗೆ ಅಡುಗೆಮನೆಯ ಮುಸುರೆ, ಅನ್ನ, ಹಿಟ್ಟು ಇವನ್ನು ಅತಿಯಾಗಿ ಸುರಿದರೆ ಗುಂಡಿ ‘ಹುಳಿಯಾಗುತ್ತದೆ’. ಆಗ ಗುಳ್ಳೆಯೇನೋ ಏಳುತ್ತದೆ, ಒಲೆಯಲ್ಲಿ ಜ್ವಾಲೆ ನಿಲ್ಲುವುದಿಲ್ಲ. ಚಳಿಗಾಲದಲ್ಲಿಯೂ ಅನಿಲ ಕಡಿಮೆಯಾಗುತ್ತದೆ. ಇದಕ್ಕೆ ಕಾರಣ ಗುಂಡಿಯೊಳಗಿನ ಕೆಲಸದ ಹಂಚಿಕೆ. ಹುಲ್ಲಿನ ನಾರು, ಪಿಷ್ಟ, ಕೊಬ್ಬು ಇವುಗಳನ್ನು ಒಡೆದು ಮೊದಲು ಸಕ್ಕರೆಯಾಗಿಯೂ ಆಮೇಲೆ ಆಮ್ಲಗಳಾಗಿಯೂ ಜಲಜನಕವಾಗಿಯೂ ಮಾಡುವವು ಬ್ಯಾಕ್ಟೀರಿಯಾಗಳು. ಅವು ಬಹುಬೇಗ ಬೆಳೆಯುತ್ತವೆ, ಹೊಟ್ಟೆಬಾಕರಂತೆ ಸಿಕ್ಕಿದ್ದನ್ನೆಲ್ಲ ಕಬಳಿಸುತ್ತವೆ. ಆ ಆಮ್ಲವನ್ನೂ ಜಲಜನಕವನ್ನೂ ತೆಗೆದುಕೊಂಡು ಮೀಥೇನ್ ಮಾಡುವವರು ಬೇರೆಯವರು. ಅವರು ನಿಧಾನಿಗಳು; ಒಂದು ಎರಡಾಗಲು ಅನೇಕ ವೇಳೆ ದಿನಗಳೇ ಬೇಕು. ಹುಳಿಯನ್ನು ಸಹಿಸರು, ಚಳಿಯನ್ನು ಸಹಿಸರು, ಗಾಳಿಯನ್ನಂತೂ ಸಹಿಸಲೇ ಆರರು. ಮುಂದಿನವರು ಆಮ್ಲ ಸುರಿಯುವ ವೇಗಕ್ಕೆ ಹಿಂದಿನವರು ಹೊಂದಿಕೊಳ್ಳಲಾಗದಿದ್ದರೆ ಗುಂಡಿ ಕೆಡುತ್ತದೆ. ಎಲ್ಲವೂ ಸರಿಯಾಗಿದ್ದರೆ ಹೊರಬರುವ ಅನಿಲದಲ್ಲಿ ಶೇ. 55ರಿಂದ 60ರಷ್ಟು ಮೀಥೇನ್ ಇರುತ್ತದೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 35ರಿಂದ 40 ಲೀಟರ್ ಅನಿಲ ಬರುತ್ತದೆ. ಹೊಸ ಗುಂಡಿಗೆ ಬೀಜವನ್ನು ಎಲ್ಲಿಂದಲೋ ತರಬೇಕಾಗಿಲ್ಲ. ದನದ ಹೊಟ್ಟೆಯಿಂದಲೇ ಎರಡು ಪಂಗಡಗಳೂ ಸಗಣಿಯೊಡನೆ ಬಂದಿರುತ್ತವೆ.

ಆ ‘ಬೇರೆಯವರು’ ಯಾರೆಂಬ ಪ್ರಶ್ನೆಗೆ ಈಗ ಮರಳಬಹುದು. 1962ರಲ್ಲಿ ಸ್ಟೇನಿಯರ್ ಮತ್ತು ವ್ಯಾನ್ ನೀಲ್ ಎಂಬ ಇಬ್ಬರು ದಿಗ್ಗಜರು ಬ್ಯಾಕ್ಟೀರಿಯಾ ಎಂದರೇನು ಎಂಬುದಕ್ಕೆ ಲಕ್ಷಣ ಕೊಡಲು ಹೊರಟು, ಜೀವಿಗಳನ್ನು ಎರಡು ಪಾಲು ಮಾಡಿದರು. ಜೀವಕೋಶದೊಳಗೆ ಪೊರೆಯಿಂದ ಸುತ್ತುವರಿದ ಕೋಶಕೇಂದ್ರ ಇರುವವು ಒಂದು ಪಾಲು. ಗಿಡ, ಪ್ರಾಣಿ, ಅಣಬೆ, ನಾವು ನೀವು ಎಲ್ಲರೂ ಇದರಲ್ಲಿ ಸೇರಿದ್ದೇವೆ. ಕೋಶಕೇಂದ್ರ ಇಲ್ಲದವು ಇನ್ನೊಂದು ಪಾಲು. ಅವುಗಳಿಗೆ ಪ್ರೋಕ್ಯಾರಿಯೋಟ್ ಎಂದು ಹೆಸರು. ಈ ವಿಭಜನೆ ಸರಳವಾಗಿತ್ತು, ಪಾಠ ಹೇಳಲು ಅನುಕೂಲವಾಗಿತ್ತು. ಅದರಲ್ಲೊಂದು ದೋಷವೂ ಇತ್ತು. ಎರಡನೆಯ ಪಾಲನ್ನು ಗುರುತಿಸಿದ್ದು ಅದರಲ್ಲಿ ಇರುವುದರಿಂದಲ್ಲ, ಇಲ್ಲದಿರುವುದರಿಂದ. ನಮ್ಮ ಹಳ್ಳಿಗಳಲ್ಲಿ ‘ಹೊಳೆಯಾಚೆಯವರು’ ಎಂದು ಹೇಳುವುದುಂಟು. ಹೊಳೆಯಾಚೆ ಎಷ್ಟು ಊರುಗಳಿವೆ, ಅವರವರೊಳಗೆ ನೆಂಟಸ್ತನ ಉಂಟೋ ಇಲ್ಲವೋ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ನಮ್ಮ ದಡದವರಲ್ಲ ಎಂಬುದಷ್ಟೇ ಅದರ ಅರ್ಥ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೂಸ್ ಎಂಬ ಮೌನಿ ವಿಜ್ಞಾನಿಯೊಬ್ಬರಿದ್ದರು. ಸೂಕ್ಷ್ಮಜೀವಿಗಳ ನೆಂಟಸ್ತನವನ್ನು ಆಕಾರದಿಂದ ತಿಳಿಯಲಾಗದು ಎಂಬುದು ಅವರ ನಂಬಿಕೆ. ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಕಣ ಎಲ್ಲ ಜೀವಕೋಶಗಳಲ್ಲಿಯೂ ಇದೆ. ಅದರೊಳಗೆ ಆರ್‌ಎನ್‌ಎ ಎಂಬ ಅಣುವಿದೆ. ಹಳೆಯ ತಾಳೆಗರಿಯನ್ನು ಲಿಪಿಕಾರರು ಪ್ರತಿ ಮಾಡುತ್ತಾ ಹೋದಂತೆ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವಂತೆ, ತಲೆಮಾರುಗಳು ಕಳೆದಂತೆ ಈ ಅಣುವಿನ ಅಕ್ಷರಗಳೂ ಬಹು ಮೆಲ್ಲಗೆ ಬದಲಾಗುತ್ತವೆ. ಯಾವ ಎರಡು ಪ್ರತಿಗಳಲ್ಲಿ ತಪ್ಪುಗಳು ಒಂದೇ ತೆರನಾಗಿವೆಯೋ ಅವು ಒಂದೇ ಮೂಲದಿಂದ ಇಳಿದವು. ವೂಸ್ ಆ ಅಣುವನ್ನು ತುಂಡು ಮಾಡಿ, ತುಂಡುಗಳ ಗುರುತು ಮೂಡಿದ ಫಿಲ್ಮುಗಳನ್ನು ಬೆಳಕಿನ ಮೇಜಿನ ಮೇಲೆ ಹರಡಿಕೊಂಡು ವರ್ಷಗಟ್ಟಲೆ ಓದಿದರು. ಬೇಸರದ ಕೆಲಸ. ಆ ಕಾಲಕ್ಕೆ ಹೀಗೆ ಓದಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನರೂ ಇರಲಿಲ್ಲವೆಂದರೆ ತಪ್ಪಾಗಲಾರದು.

ಅದೇ ವಿಶ್ವವಿದ್ಯಾಲಯದಲ್ಲಿ, ಮೇಲೆ ಹೇಳಿದ ರಾಲ್ಫ್ ವೂಲ್ಫ್ ಅವರು ಮೀಥೇನ್ ಜೀವಿಗಳನ್ನು ಸಾಕುತ್ತಿದ್ದರು. 1976ರಲ್ಲಿ ಅವರ ಸೀಸೆಯಿಂದ ಒಂದು ಜೀವಿಯನ್ನು ವೂಸ್ ಪರೀಕ್ಷೆಗೆ ತೆಗೆದುಕೊಂಡರು. ಅದು ಆ ಊರಿನ ಕೊಳಚೆನೀರಿನ ರಾಡಿಯಿಂದಲೇ ದೊರೆತದ್ದು. ಫಿಲ್ಮಿನಲ್ಲಿ ಬ್ಯಾಕ್ಟೀರಿಯಾಗಳೆಲ್ಲಕ್ಕೂ ಸಾಮಾನ್ಯವಾಗಿ ಇರಬೇಕಾಗಿದ್ದ ಗುರುತುಗಳು ಕಾಣಲಿಲ್ಲ. ತಪ್ಪಾಗಿರಬಹುದೆಂದು ಮತ್ತೆ ಮಾಡಿದರು; ಮತ್ತೆ ಅದೇ ಫಲ. ಬೇರೆ ಮೀಥೇನ್ ಜೀವಿಗಳನ್ನು ಪರೀಕ್ಷಿಸಿದಾಗಲೂ ಹಾಗೆಯೇ. ಇವು ಬ್ಯಾಕ್ಟೀರಿಯಾಗಳಲ್ಲವೇ ಅಲ್ಲ ಎಂದು ವೂಸ್ ಸಹೋದ್ಯೋಗಿಗಳಿಗೆ ಹೇಳಿದರಂತೆ. ಮುಂದಿನ ವರ್ಷ, 1977ರ ನವೆಂಬರಿನಲ್ಲಿ, ವೂಸ್ ಮತ್ತು ಅವರ ಸಹಾಯಕ ಜಾರ್ಜ್ ಫಾಕ್ಸ್ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಜೀವಲೋಕದಲ್ಲಿ ಇರುವುದು ಎರಡು ಪಾಲಲ್ಲ, ಮೂರು. ಮೀಥೇನ್ ಜೀವಿಗಳು ಬ್ಯಾಕ್ಟೀರಿಯಾಗಳಿಂದ ಎಷ್ಟು ದೂರವೋ ನಮ್ಮಿಂದಲೂ ಅಷ್ಟೇ ದೂರ ಎಂಬುದು ಅದರ ತಿರುಳು. ವೋಲ್ಟಾ ಜೌಗಿನ ಹೂಳನ್ನು ಕೋಲಿನಿಂದ ಕದಡಿ ಆಗ 201 ವರ್ಷಗಳಾಗಿದ್ದವು.

ಹಾಗಾದರೆ ವ್ಯತ್ಯಾಸವಿರುವುದು ಎಲ್ಲಿ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಗಾತ್ರ, ಒಂದೇ ಆಕಾರ, ಎರಡಕ್ಕೂ ಕೋಶಕೇಂದ್ರವಿಲ್ಲ. ಒಳಗೆ ಹೊಕ್ಕರೆ ಮನೆ ಕಟ್ಟಿದ ಬಗೆಯೇ ಬೇರೆ. ಬ್ಯಾಕ್ಟೀರಿಯಾಗಳ ಹೊರಗೋಡೆಯನ್ನು ಸಾಮಾನ್ಯವಾಗಿ ಪೆಪ್ಟಿಡೋಗ್ಲೈಕಾನ್ ಎಂಬ ಹೆಣಿಗೆ ಬಿಗಿಯಾಗಿ ಹಿಡಿದಿರುತ್ತದೆ. ಪೆನಿಸಿಲಿನ್ ಅವುಗಳನ್ನು ಕೊಲ್ಲುವುದು ಈ ಹೆಣಿಗೆಯನ್ನು ನೇಯಲು ಬಿಡದೆ. ವೂಸ್ ಹೇಳಿದ ಹೊಸ ಕುಲದಲ್ಲಿ ಆ ಹೆಣಿಗೆಯೇ ಇಲ್ಲವೆಂದು ಜರ್ಮನಿಯ ಓಟೋ ಕಾಂಡ್ಲರ್ ಸ್ವತಂತ್ರವಾಗಿ ಕಂಡುಕೊಂಡಿದ್ದರು. ಆದ್ದರಿಂದ ಪೆನಿಸಿಲಿನ್ ಅವುಗಳ ಮೇಲೆ ನಡೆಯುವುದಿಲ್ಲ. ಗೋಡೆಗಿಂತಲೂ ಆಳವಾದ ವ್ಯತ್ಯಾಸ ಕೋಶದ ಪೊರೆಯಲ್ಲಿದೆ. ಬ್ಯಾಕ್ಟೀರಿಯಾಗಳ ಪೊರೆಯೂ ನಮ್ಮ ಪೊರೆಯೂ ಕೊಬ್ಬಿನಾಮ್ಲಗಳಿಂದ ಆದವು, ಅವುಗಳ ಬೆಸುಗೆ ಎಸ್ಟರ್ ಎಂಬ ಬಗೆಯದು. ಹೊಸ ಕುಲದವರ ಪೊರೆಗೆ ಕವಲೊಡೆದ ಐಸೋಪ್ರೀನ್ ಸರಪಳಿ, ಅದಕ್ಕೆ ಈಥರ್ ಬೆಸುಗೆ. ಇದು ಬಿಸಿಗೂ ಆಮ್ಲಕ್ಕೂ ಸುಲಭವಾಗಿ ಬಿಡದು. ಬೆಸುಗೆ ಕೂರುವ ಗ್ಲಿಸರಾಲ್ ಅಣುವೂ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬ. ಒಳಗಿನ ಕಚೇರಿಗೆ ಹೋದರೆ ಮತ್ತೊಂದು ಬೆರಗು. ಡಿಎನ್‌ಎಯ ಬರಹವನ್ನು ನಕಲು ಮಾಡುವ ಯಂತ್ರ ಬ್ಯಾಕ್ಟೀರಿಯಾಗಳಲ್ಲಿ ಸರಳ. ಹೊಸ ಕುಲದಲ್ಲಿ ಅದು ನಮ್ಮ ಕೋಶಗಳ ಯಂತ್ರವನ್ನೇ ಬಹುಮಟ್ಟಿಗೆ ಹೋಲುತ್ತದೆ. ಮೀಥೇನ್ ತಯಾರಿಸಿ ಅದರಿಂದಲೇ ಬದುಕು ಸಾಗಿಸುವ ವಿದ್ಯೆ ಈ ಕುಲದ್ದೇ ಸ್ವತ್ತು. ಇನ್ನೊಂದು ಮಾತು: ಕ್ಷಯ, ಕಾಲರಾ, ಪ್ಲೇಗು, ಟೈಫಾಯಿಡ್ ತಂದವು ಬ್ಯಾಕ್ಟೀರಿಯಾಗಳು. ಮನುಷ್ಯನಿಗೆ ರೋಗ ತರುತ್ತದೆಂದು ಖಚಿತವಾಗಿ ಸಿದ್ಧಪಟ್ಟ ಜೀವಿ ಹೊಸ ಕುಲದಲ್ಲಿ ಈವರೆಗೆ ಒಂದೂ ಇಲ್ಲ.

ಇಷ್ಟು ದೊಡ್ಡ ಸುದ್ದಿಯನ್ನು ಲೋಕ ಹೂಮಾಲೆ ಹಾಕಿ ಸ್ವಾಗತಿಸಲಿಲ್ಲ. 1977ರ ನವೆಂಬರ್ 3ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಮುಖಪುಟದಲ್ಲಿ ಹಾಕಿದಾಗ ಹಿರಿಯ ವಿಜ್ಞಾನಿಗಳು ಹುಬ್ಬು ಗಂಟಿಕ್ಕಿದರು. ನೊಬೆಲ್ ಪುರಸ್ಕೃತ ಲೂರಿಯಾ ಅವರು ರಾಲ್ಫ್ ವೂಲ್ಫರಿಗೆ ದೂರವಾಣಿ ಮಾಡಿ, ಈ ಅಸಂಬದ್ಧದಿಂದ ದೂರ ಸರಿಯದಿದ್ದರೆ ನಿಮ್ಮ ವೃತ್ತಿಜೀವನವೇ ಹಾಳಾದೀತು ಎಂದು ಎಚ್ಚರಿಸಿದರೆಂದು ವೂಲ್ಫರೇ ಬರೆದುಕೊಂಡಿದ್ದಾರೆ. ಬಂದ ಕರೆಗಳಲ್ಲೆಲ್ಲ ಸಭ್ಯವಾದದ್ದು ಇದೇ ಆಗಿತ್ತಂತೆ. ಇಪ್ಪತ್ತು ವರ್ಷಗಳ ಮೇಲೂ, 1998ರಲ್ಲಿ, ಜೀವವಿಕಾಸ ಶಾಸ್ತ್ರದ ಪಿತಾಮಹರಲ್ಲೊಬ್ಬರಾದ ಅರ್ನ್ಸ್ಟ್ ಮಾಯರ್ ಅವರು ನೋಡಲು ಒಂದೇ ತೆರನಾದ ಜೀವಿಗಳನ್ನು ಎರಡು ಕುಲ ಮಾಡುವುದನ್ನು ವಿರೋಧಿಸಿ ಬರೆದರು. ವೂಸ್ ಉತ್ತರಿಸಿದರು. ಮಾಯರ್ ಅವರದು ಕಣ್ಣಿನ ಸಾಕ್ಷ್ಯ, ವೂಸ್ ಅವರದು ವಂಶಾವಳಿಯ ಸಾಕ್ಷ್ಯ. ಮಾಯರ್ ಅವರಂಥ ದೊಡ್ಡವರೂ ಇಲ್ಲಿ ಎಡವಿದರೆಂದೇ ನನ್ನ ಎಣಿಕೆ. ಹಕ್ಕಿಗಳ ಗರಿ, ಕೊಕ್ಕು, ಬಣ್ಣಗಳನ್ನು ನೋಡಿ ಪಳಗಿದ ಕಣ್ಣಿಗೆ ಒಂದು ಕಡ್ಡಿಗೂ ಇನ್ನೊಂದು ಕಡ್ಡಿಗೂ ಭೇದ ಕಾಣಲಿಲ್ಲ.

ವೂಸ್ ಮೊದಲು ಇಟ್ಟ ಹೆಸರು ಆರ್ಕಿಬ್ಯಾಕ್ಟೀರಿಯಾ, ಅಂದರೆ ಪ್ರಾಚೀನ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಅಲ್ಲವೆಂದು ಸಾಧಿಸಿದ ಜೀವಿಗೆ ಬ್ಯಾಕ್ಟೀರಿಯಾ ಎಂದೇ ಬಾಲ ಕಟ್ಟಿದ್ದು ವಿಚಿತ್ರ. 1990ರಲ್ಲಿ ಕಾಂಡ್ಲರ್ ಮತ್ತು ವೀಲಿಸ್ ಅವರೊಡಗೂಡಿ ಅವರೇ ಅದನ್ನು ಕತ್ತರಿಸಿ ಆರ್ಕಿಯಾ ಎಂದು ಮಾತ್ರ ಉಳಿಸಿದರು. ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯಾ ಎಂಬ ಮೂರು ಕ್ಷೇತ್ರಗಳು ಅಂದಿನಿಂದ ಬಳಕೆಗೆ ಬಂದವು. ನಮ್ಮ ಪದವಿಪೂರ್ವ ತರಗತಿಯ ಜೀವಶಾಸ್ತ್ರದಲ್ಲಿ ಇಂದಿಗೂ ಐದು ಸಾಮ್ರಾಜ್ಯಗಳ ವರ್ಗೀಕರಣವೇ ಮುಂದಾಗಿದ್ದು, ಮೊನೆರಾ ಎಂಬ ಒಂದೇ ಸೂರಿನಡಿ ಆರ್ಕಿಬ್ಯಾಕ್ಟೀರಿಯಾ ಎಂಬ ಹಳೆಯ ಹೆಸರಿನಲ್ಲಿಯೇ ಇವು ಕುಳಿತಿವೆ. ಮೂರು ಕ್ಷೇತ್ರಗಳ ವಿಚಾರ ಚುಟುಕಾಗಿ ಬಂದು ಹೋಗುತ್ತದೆ. ವೂಸ್ 2012ರ ಡಿಸೆಂಬರ್ 30ರಂದು ತೀರಿಕೊಂಡರು. ಅವರಿಗೆ ನೊಬೆಲ್ ಬರಲಿಲ್ಲ.

ಆರ್ಕಿಯಾ ಎಂದೊಡನೆ ಪುಸ್ತಕಗಳು ಕುದಿಯುವ ಬುಗ್ಗೆಗಳ ಮತ್ತು ಉಪ್ಪಿನ ಕಡಲುಗಳ ಚಿತ್ರ ತೋರಿಸುತ್ತವೆ. ಉಪ್ಪಿನ ಮಾತು ನಿಜವೇ. ಗೋಕರ್ಣದ ಬಳಿಯ ಸಾಣಿಕಟ್ಟೆಯಂತಹ ಉಪ್ಪಿನಾಗರಗಳಲ್ಲಿ ನೀರು ಆವಿಯಾಗಿ ಗಾಢವಾಗುತ್ತಾ ಹೋದಂತೆ ಬದುಕಿ ಉಳಿಯಬಲ್ಲವರು ಇವರೇ, ಮತ್ತು ಅಂಥ ನೀರಿಗೆ ಕೆಂಪು ಛಾಯೆ ಬರುವುದರಲ್ಲಿ ಇವರ ಪಾಲು ದೊಡ್ಡದು. ಕರಾವಳಿಯ ಮನೆಗಳಲ್ಲಿ ಉಪ್ಪು ಹಾಕಿದ ಒಣಮೀನು ಕೆಲವೊಮ್ಮೆ ಕೆಂಪಾಗಿ ಕೆಡುವುದನ್ನು ಕಂಡವರಿದ್ದಾರೆ. ಅದೂ ಇವರದೇ ಕೆಲಸ. ಆದರೆ ಈ ಚಿತ್ರಗಳಿಂದ ಆರ್ಕಿಯಾಗಳು ದೂರದ ವಿಚಿತ್ರ ಜೀವಿಗಳೆಂಬ ಭಾವನೆ ಬೆಳೆದಿದೆ. ಅವು ನಮ್ಮ ಕರುಳಿನಲ್ಲಿಯೂ ಇವೆ, ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಹಸುವಿನ ಹೊಟ್ಟೆಯಲ್ಲಂತೂ ಕೋಟಿಗಟ್ಟಲೆ ಇವೆ. ಅಲ್ಲಿಯೂ ಅದೇ ಸಗಣಿ ಗುಂಡಿಯ ವ್ಯವಹಾರ: ಬ್ಯಾಕ್ಟೀರಿಯಾ ಮೊದಲಾದವು ಹುಲ್ಲನ್ನು ಒಡೆದು ಜಲಜನಕ ಬಿಡುತ್ತವೆ, ಆರ್ಕಿಯಾಗಳು ಅದನ್ನು ಮೀಥೇನ್ ಮಾಡುತ್ತವೆ, ಹಸು ಅದನ್ನು ಬಹುಪಾಲು ಬಾಯಿಂದ ತೇಗಿ ಹೊರಹಾಕುತ್ತದೆ. ಮೇವಿನ ಶಕ್ತಿಯ ಒಂದು ಪಾಲು ಹಾಲಾಗದೆ ಗಾಳಿಗೆ ಹೋಗುತ್ತದೆ. ವಾತಾವರಣವನ್ನು ಬಿಸಿಯೇರಿಸುವುದರಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಬಹುಪಟ್ಟು ಬಲಶಾಲಿ. ಚಿಕ್ಕಲಸಂದ್ರದಿಂದ ಕೆಲವೇ ಮೈಲಿ ದೂರದ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ಟ್ಯಾನಿನ್ ಇರುವ ಸಸ್ಯಗಳನ್ನು ಬಳಸಿ ‘ಹರಿತ್ ಧಾರಾ’ ಎಂಬ ಪೂರಕ ಮೇವನ್ನು ರೂಪಿಸಿ 2021ರಲ್ಲಿ ಹೊರತಂದರು. ಅದರಿಂದ ಮೀಥೇನ್ ಶೇ. 17ರಿಂದ 20ರವರೆಗೆ ತಗ್ಗುತ್ತದೆಂದು ಹೇಳಲಾಗಿದೆ. ರೋಗಾಣುಗಳಿಗೆಂದು ಹುಡುಕಿದ ಔಷಧಗಳು ಆರ್ಕಿಯಾಗಳಿಗೆ ತಾಗದಿರುವುದು ಏಕೆ, ಅವನ್ನು ಅಂಕೆಯಲ್ಲಿಡಲು ಬೇರೆಯೇ ದಾರಿ ಹುಡುಕಬೇಕಾದುದು ಏಕೆ ಎಂಬುದನ್ನು ವೂಸ್ ಅವರ ಫಿಲ್ಮುಗಳೇ ಹೇಳಿದ್ದವು.

ನಗರದ ಕೊಳಚೆಯೆಲ್ಲ ಹರಿದು ಸೇರಿದ ಬೆಳ್ಳಂದೂರು ಕೆರೆಯ ಮೇಲೆ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಕಾಣಿಸಿಕೊಂಡಿತು. 2018ರ ಜನವರಿ 19ರ ಬೆಂಕಿಯನ್ನು ಆರಿಸಲು ಸೈನಿಕರು ಬರಬೇಕಾಯಿತು. ಕಿಡಿ ಹೊತ್ತಿದ್ದು ಹೇಗೆ, ಉರಿದದ್ದರಲ್ಲಿ ಒಣಹುಲ್ಲೆಷ್ಟು, ಕಸವೆಷ್ಟು, ಹೂಳಿನ ಮೀಥೇನೆಷ್ಟು ಎಂಬ ಬಗ್ಗೆ ವಾದವಿವಾದಗಳು ನಡೆದವು. ಆಮ್ಲಜನಕವಿಲ್ಲದಂತೆ ಕೊಳಚೆ ತುಂಬಿದ ಕೆರೆಯ ತಳ ಒಂದು ಮುಚ್ಚಳವಿಲ್ಲದ ಗೋಬರ್ ಗ್ಯಾಸ್ ಗುಂಡಿ ಎಂಬುದರಲ್ಲಿ ವಾದವಿಲ್ಲ. ಪುರದ ಹೆಂಗಸರು ತೂಗಿ ಕೊಟ್ಟು ದೀಪವಾಗಿ ಪಡೆದದ್ದನ್ನು ರಾಜಧಾನಿ ಲೆಕ್ಕವಿಲ್ಲದೆ ಸುರಿದು ಹೊಗೆಯಾಗಿ ಪಡೆಯಿತು. ನಮ್ಮ ದಕ್ಷಿಣ ಭಾಗದ ಯಡಿಯೂರಿನಲ್ಲಿ ಅಂದಿನ ಮಹಾನಗರ ಪಾಲಿಕೆಯು ಹಸಿ ಕಸದಿಂದ ಅನಿಲ ತೆಗೆದು ವಿದ್ಯುತ್ ಮಾಡುವ ಘಟಕವನ್ನು ಕಟ್ಟಿಸಿದ್ದನ್ನೂ ಇಲ್ಲಿ ಹೇಳಬೇಕು. ಇಂಥ ಘಟಕಗಳು ಸೊರಗುವುದಕ್ಕೆ ಯಂತ್ರದ ದೋಷವಷ್ಟೇ ಕಾರಣವಾಗಿರುವುದಿಲ್ಲ. ಬೇರ್ಪಡಿಸದೆ ಬಂದ ಕಸ, ಒಂದು ದಿನ ಮಿತಿಮೀರಿ ಮತ್ತೊಂದು ದಿನ ಏನೂ ಇಲ್ಲದೆ ಬರುವ ಮೇವು, ಇವುಗಳನ್ನು ಆತುರದ ಬ್ಯಾಕ್ಟೀರಿಯಾ ತಡೆದುಕೊಂಡೀತು, ನಿಧಾನಿ ಆರ್ಕಿಯಾ ತಡೆದುಕೊಳ್ಳಲಾರದು.

ಈ ಚರಿತ್ರೆಗೆ ಇತ್ತೀಚೆಗೆ ಒಂದು ಅಧ್ಯಾಯ ಸೇರಿದೆ. ನಮ್ಮ ಜೀವಕೋಶಗಳ ಒಲೆಯಂತಿರುವ ಮೈಟೋಕಾಂಡ್ರಿಯ ಒಂದಾನೊಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತೆಂದು ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದ್ದರು. ಅದು ಈಗ ಸರ್ವಮಾನ್ಯ. ಅದನ್ನು ಒಳಗೆ ಬಿಟ್ಟುಕೊಂಡ ಆತಿಥೇಯ ಯಾರು? 1998ರಲ್ಲಿ ಮಾರ್ಟಿನ್ ಮತ್ತು ಮ್ಯೂಲರ್ ಎಂಬುವರು, ಜಲಜನಕಕ್ಕಾಗಿ ಬ್ಯಾಕ್ಟೀರಿಯಾದ ಮಗ್ಗುಲಿಗೆ ಅಂಟಿಕೊಂಡಿದ್ದ ಆರ್ಕಿಯಾವೇ ಆ ಆತಿಥೇಯ ಎಂದು ಊಹಿಸಿದರು. ಬಾರ್ಕರರ ಸೀಸೆಯ ಜೋಡಿಯನ್ನು ನೆನಪಿಸುವ ಊಹೆ ಇದು. 2015ರಲ್ಲಿ ಉತ್ತರ ಅಟ್ಲಾಂಟಿಕ್ ಕಡಲ ತಳದ ಹೂಳಿನಿಂದ ಹೊಸ ಆರ್ಕಿಯಾಗಳ ಡಿಎನ್‌ಎ ದೊರೆಯಿತು; ನಮ್ಮ ಕೋಶಗಳಲ್ಲಿ ಮಾತ್ರ ಇವೆಯೆಂದು ತಿಳಿದಿದ್ದ ಹಲವು ಜೀನುಗಳು ಅವುಗಳಲ್ಲಿದ್ದವು. ಅವುಗಳ ಬಳಗದ ಒಂದನ್ನು ಜಪಾನಿನ ವಿಜ್ಞಾನಿಗಳು 12 ವರ್ಷ ತಾಳ್ಮೆಯಿಂದ ಸಾಕಿ ಬೆಳೆಸಿ 2020ರಲ್ಲಿ ಲೋಕಕ್ಕೆ ತೋರಿಸಿದರು. ಅದು ಒಂಟಿಯಾಗಿ ಬೆಳೆಯಲಿಲ್ಲ. ಪಕ್ಕದಲ್ಲಿ ಮೀಥೇನ್ ಮಾಡುವ ಮತ್ತೊಂದು ಆರ್ಕಿಯಾ ಜೊತೆಗಾರನಾಗಿ ಇರಬೇಕಾಗಿತ್ತು. ವೂಸ್ ಎಳೆದ ಮೂರು ಗೆರೆಗಳಲ್ಲಿ ನಮ್ಮದು ಆರ್ಕಿಯಾದ ಗೆರೆಯೊಳಗಿನಿಂದಲೇ ಕವಲೊಡೆದದ್ದೆಂದು ಇಂದು ಅನೇಕರು ಹೇಳುತ್ತಾರೆ. ಹೊಳೆಯಾಚೆಯವರೆಂದು ನಾವು ಕರೆದವರಲ್ಲಿ ಒಂದು ಕುಲ ನಮ್ಮ ಮನೆಯ ಒಲೆಯಾಗಿಯೂ ಇನ್ನೊಂದು ಕುಲ ಮನೆಯ ಯಜಮಾನನಾಗಿಯೂ ಒಳಗೇ ಇದ್ದಂತಾಯಿತು.

ಮೊನ್ನೆ ಸಂಜೆ ಸುಬ್ರಹ್ಮಣ್ಯಪುರದ ಕೆರೆಯ ಕಡೆಗೆ ಹೋಗಿದ್ದೆ. ದಡದ ಕಳೆಯ ನಡುವೆ ನೀರು ಕಪ್ಪಗಿತ್ತು. ಕೋಲೊಂದನ್ನು ಹುಡುಕಿ ತಳದ ಹೂಳನ್ನು ಸ್ವಲ್ಪ ಕೆದಕಿದೆ. ಒಂದು ಗುಳ್ಳೆ, ಆಮೇಲೆ ಮೂರು ನಾಲ್ಕು, ಸಾಲಾಗಿ ಮೇಲೆ ಬಂದು ಒಡೆದವು.